ಚಿಪ್ಸ್ ಕಟರ್ ಸಾಕೋ, ದುಬಾರಿ ಮ್ಯಾಂಡೊಲಿನ್ ಬೇಕೋ? ನಮ್ಮ ಕಡೆಯ ಅಡುಗೆಮನೆಗೆ ಒಂದು ಹೋಲಿಕೆ

ಬೇಸಗೆ ಬಂತೆಂದರೆ ಮಾಳಿಗೆ ಮೇಲೆ ಬಟಾಟಿ ಚಿಪ್ಸ್ ಒಣಹಾಕುವ ಮಾತು ಶುರುವಾಗುತ್ತದೆ. ಅದರ ಬೆನ್ನಿಗೇ ಈ ಪ್ರಶ್ನೆಯೂ ಬರುತ್ತದೆ. ಹುಬ್ಬಳ್ಳಿಯ ದುರ್ಗದಬೈಲಿನ ಆಸುಪಾಸು ಇನ್ನೂರು ರೂಪಾಯಿಗೆ ಸಿಗುವ ಪ್ಲಾಸ್ಟಿಕ್ ಚಿಪ್ಸ್ ಕಟರ್ ಸಾಕೇ? ಆನ್‌ಲೈನ್‌ನಲ್ಲಿ ಕೆಲವು ಸಾವಿರಕ್ಕೆ ಕಾಣುವ ಜಪಾನಿನ ಸ್ಲೈಸರ್ ತಗೊಳ್ಳಬೇಕೇ? ಇಲ್ಲಾ ಹತ್ತು ಸಾವಿರ ದಾಟಿದ ಫ್ರಾನ್ಸಿನ ಸ್ಟೀಲ್ ಮ್ಯಾಂಡೊಲಿನ್‌ಗೇ (ಹಲಗೆಯಲ್ಲಿ ಕೂರಿಸಿದ ಬ್ಲೇಡಿನ ಮೇಲೆ ತರಕಾರಿ ತಳ್ಳಿ ಹೆಚ್ಚುವ ಸ್ಲೈಸರ್) ಕೈ ಹಾಕಬೇಕೇ? ಒಮ್ಮೆ ತಗೊಂಡರೆ ಜೀವಮಾನ ಬರುತ್ತದೆ ಎಂದು ಮಾರುವವರು ಎಲ್ಲದಕ್ಕೂ ಹೇಳುತ್ತಾರೆ. ಸ್ಲೈಸರ್ ಮಟ್ಟಿಗೆ ಅದು ಅರ್ಧ ನಿಜ. ಮೈ ಬಾಳಿಕೆ ಬರುತ್ತದೆ, ಬ್ಲೇಡು ಬರುವುದಿಲ್ಲ. ಹಾಗಾಗಿ ಡಬ್ಬಿಯಲ್ಲಿ ಎಷ್ಟು ಬ್ಲೇಡು ಇವೆ ಎಂದು ಎಣಿಸುವುದಕ್ಕಿಂತ, ಇರುವ ಒಂದು ಬ್ಲೇಡು ಮೊಂಡಾದಾಗ ಏನು ಮಾಡಬೇಕು ಎಂದು ಕೇಳಿ ಕೊಳ್ಳುವುದು ಜಾಣತನ.

ಸ್ಲೈಸರ್ ಮಾಡದ ಕೆಲಸ ಯಾವುದು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಿರ್ಮಿಟ್‌ಗೆ ಬೇಕಾದ ಸಣ್ಣ ಉಳ್ಳಾಗಡ್ಡಿ, ಸವತಿಕಾಯಿ ಪಚಡಿಯ ಚೂರು, ಪಲ್ಯದ ಹೋಳು ಇವೆಲ್ಲ ಹೆಚ್ಚುವ ಕೆಲಸ. ಅಲ್ಲಿ ಈಳಿಗೆ ಅಥವಾ ಒಳ್ಳೆಯ ಚಾಕುವೇ ಮೇಲು. ಗಜ್ಜರಿ ಹಲ್ವಾಕ್ಕೆ, ಮಾವಿನಕಾಯಿ ತೊಕ್ಕಿಗೆ ಬೇಕಾದ ತುರಿ ಕಿಸಣಿಯಲ್ಲೇ ಆಗಬೇಕು. ಸ್ಲೈಸರಿಗೆ ಸಿಕ್ಕಿಸುವ ಹಲ್ಲಿನ ಪಟ್ಟಿಯಲ್ಲಿ ಬರುವುದು ಎಳೆ, ತುರಿಯಲ್ಲ. ಎಳೆ ಬೇಯಿಸಿದರೂ ಎಳೆಯಾಗಿಯೇ ಉಳಿಯುತ್ತದೆ, ಕರಗಿ ಹೊಂದಿಕೊಳ್ಳುವುದಿಲ್ಲ. ಒಂದೇ ದಪ್ಪದ ತೆಳುವಾದ ಬಿಲ್ಲೆ ಮತ್ತು ಒಂದೇ ಅಳತೆಯ ಎಳೆ, ಈ ಎರಡೇ ಮ್ಯಾಂಡೊಲಿನ್ ಹೆಚ್ಚುಗಾರಿಕೆ. ನಿಮ್ಮ ಮನೆಯಲ್ಲಿ ವಾರಕ್ಕೆ ಎಷ್ಟು ಸಲ ಅವು ಬೇಕಾಗುತ್ತವೆ ಎಂದು ಲೆಕ್ಕ ಹಾಕಿಯೇ ಮುಂದಕ್ಕೆ ಓದಿ.

ಯಾವುದಕ್ಕೆ ಎಷ್ಟು ದಪ್ಪ

ಕರಿದು ತಕ್ಷಣ ತಿನ್ನುವ ಬಟಾಟಿ ಚಿಪ್ಸಿಗೆ 1ರಿಂದ 1.5 ಮಿ.ಮೀ. ದಪ್ಪ ಬೇಕು. ಬೇಯಿಸಿ ಒಣಗಿಸಿ ವರ್ಷಪೂರ್ತಿ ಇಡುವ ಚಿಪ್ಸಿಗೆ 1.5ರಿಂದ 2. ಎಲೆಕೋಸಿನ ಪಚಡಿಗೆ 1 ಸಾಕು. ಉಳ್ಳಾಗಡ್ಡಿ ಭಜಿಗೆ 2, ರೊಟ್ಟಿ ಊಟದ ಜೊತೆ ಹಚ್ಚಿಕೊಳ್ಳುವ ಉಳ್ಳಾಗಡ್ಡಿ-ಸವತಿಕಾಯಿ ಬಿಲ್ಲೆಗೆ 3, ಹಾಗಲಕಾಯಿ ಹುರಿಯಲು 2ರಿಂದ 3, ಬದನೆಕಾಯಿ ಭಜಿಗೆ 4ರಿಂದ 5. ಬಿರ್ಯಾನಿಗೆ ಉಳ್ಳಾಗಡ್ಡಿ ಕಂದು ಬರುವಂತೆ ಕರಿಯಬೇಕಾದರೆ 1.5 ಮಿ.ಮೀ. ಒಳಗೇ ಇರಬೇಕು, ಎಲ್ಲ ಎಳೆಯೂ ಒಂದೇ ದಪ್ಪ ಇರಬೇಕು. ಇಲ್ಲದಿದ್ದರೆ ತೆಳುವಾದದ್ದು ಕಪ್ಪಾಗುವ ಹೊತ್ತಿಗೆ ದಪ್ಪದ್ದು ಇನ್ನೂ ಹಸಿಯಾಗಿರುತ್ತದೆ.

ಒಣಗಿಸುವ ಚಿಪ್ಸಿನಲ್ಲಿ ಈ ಸಮನಾದ ದಪ್ಪ ಎಷ್ಟು ಮುಖ್ಯ ಎಂಬುದು ಗೊತ್ತಾಗುವುದು ಕುದಿಯುವ ನೀರಿಗೆ ಹಾಕಿದ ಮೇಲೆಯೇ. ಮೂರ್ನಾಲ್ಕು ನಿಮಿಷದಲ್ಲಿ ತೆಳುವಾದ ಬಿಲ್ಲೆ ಒಡೆದು ಗಂಜಿಯಾಗುತ್ತದೆ. ದಪ್ಪದ್ದರ ನಡುಭಾಗ ಬೇಯದೆ ಬಿಳಿಯಾಗಿ ಉಳಿದು, ಒಣಗುವಾಗ ಕಪ್ಪು ಕಲೆ ಬರುತ್ತದೆ, ಡಬ್ಬಿಯಲ್ಲಿ ಬೂಸು ಹಿಡಿಯುತ್ತದೆ. ಬಟಾಟಿಯಲ್ಲಿ ನೂರಕ್ಕೆ ಎಂಬತ್ತು ಪಾಲು ನೀರೇ ಇರುವುದರಿಂದ 5 ಕೆ.ಜಿ. ಹೆಚ್ಚಿದರೆ ಒಣಗಿದ ಮೇಲೆ ಸಿಗುವುದು ಒಂದು ಕೆ.ಜಿ.ಗೂ ತುಸು ಕಡಿಮೆ. ಅದರಲ್ಲಿ ಕಾಲು ಭಾಗ ಹಾಳಾದರೂ ಹೊಟ್ಟೆ ಉರಿಯುತ್ತದೆ. ಅಂದಹಾಗೆ, ಕರಿದಾಗ ಚಿಪ್ಸ್ ಕೆಂಪಾಗುವುದಕ್ಕೆ ಸ್ಲೈಸರನ್ನು ಬೈಯಬೇಡಿ. ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಬಟಾಟಿಯಲ್ಲಿ ಪಿಷ್ಟ ಸಕ್ಕರೆಯಾಗಿ ತಿರುಗಿರುತ್ತದೆ. ಆ ಸಕ್ಕರೆಯೇ ಎಣ್ಣೆಯಲ್ಲಿ ಬಣ್ಣ ಕೆಡಿಸುತ್ತದೆ. ಚಿಪ್ಸೋನ ಹೆಸರಿನ ತಳಿಗಳಲ್ಲಿ ಈ ತೊಂದರೆ ಕಡಿಮೆ. ಅಮರಗೋಳ ಎ.ಪಿ.ಎಂ.ಸಿ.ಯಿಂದ ಚೀಲಗಟ್ಟಲೆ ತರುವವರು ಕೇಳಿ ನೋಡಬಹುದು.

ಆರಿಸುವಾಗ ನೋಡಬೇಕಾದದ್ದು

ಸಾಮಾನ್ಯವಾಗಿ ಮ್ಯಾಂಡೊಲಿನ್‌ನಲ್ಲಿ ಎರಡು ಹಲಗೆ ಇರುತ್ತವೆ. ಬ್ಲೇಡಿಗಿಂತ ಮುಂಚೆ ಬರುವ ಹಲಗೆ ಮೇಲೆ-ಕೆಳಗೆ ಸರಿಯುತ್ತದೆ, ಬ್ಲೇಡಿನ ಆಚೆಯದು ಬ್ಲೇಡಿನ ಮಟ್ಟಕ್ಕೇ ನಿಂತಿರುತ್ತದೆ. ಎರಡರ ಎತ್ತರದ ವ್ಯತ್ಯಾಸವೇ ಹೋಳಿನ ದಪ್ಪ. ಮೊದಲ ಹಲಗೆ ಬ್ಲೇಡಿಗೆ ಸರಿಯಾಗಿ ಸಮಾನಾಂತರವಾಗಿ ಇಲ್ಲದಿದ್ದರೆ ಬಿಲ್ಲೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿ ಬರುತ್ತದೆ. ಒತ್ತಿದಾಗ ಹಲಗೆ ಬಾಗಿದರೆ ಗೆಣಸು, ಗಜ್ಜರಿಯಂಥ ಗಟ್ಟಿ ತರಕಾರಿ ನಡುವೆ ದಪ್ಪಗಾಗುತ್ತದೆ. ನೀವು ಹೆಚ್ಚಿಗೆ ಕೊಡುವ ದುಡ್ಡಿನ ಬಹುಪಾಲು ಹೋಗುವುದು ಈ ಬಾಗದಿರುವ ಗುಣಕ್ಕೇ. ಅಂಗಡಿಯಲ್ಲಿ ಪರೀಕ್ಷಿಸುವುದು ಸುಲಭ. ದಪ್ಪವನ್ನು ಸೊನ್ನೆಯ ಹತ್ತಿರ ತನ್ನಿ, ಬೆಳಕಿನ ಎದುರು ಹಿಡಿಯಿರಿ. ಬ್ಲೇಡಿನ ಉದ್ದಕ್ಕೂ ಬೆಳಕಿನ ಗೆರೆ ಒಂದೇ ಸಮ ಕಾಣಬೇಕು. ಆಮೇಲೆ ಸ್ಲೈಸರಿನ ಎರಡೂ ತುದಿಗೆ ಆಸರೆ ಕೊಟ್ಟು, ಬ್ಲೇಡಿನಿಂದ ದೂರ, ಹಲಗೆಯ ನಡುವೆ ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಕಣ್ಣಿಗೆ ಕಾಣುವಷ್ಟು ಬಾಗಿದರೆ ಬಿಟ್ಟುಬಿಡಿ.

ಎರಡನೆಯದು ಅಗಲ. ಇದನ್ನು ಬಹಳ ಜನ ಮರೆಯುತ್ತಾರೆ. ಸಣ್ಣ ಸ್ಲೈಸರಿನ ಬ್ಲೇಡು 64 ಮಿ.ಮೀ. ಇದ್ದರೆ ಅದರಲ್ಲಿ ಗಜ್ಜರಿ, ಸವತಿಕಾಯಿ, ಮಧ್ಯಮ ಉಳ್ಳಾಗಡ್ಡಿ ಹಿಡಿಸುತ್ತವೆ. ಎಲೆಕೋಸನ್ನು ಮಾತ್ರ ಆರು ಭಾಗ ಮಾಡಬೇಕಾಗುತ್ತದೆ. ದೊಡ್ಡ ಬಟಾಟಿಯನ್ನು ಉದ್ದಕ್ಕೆ ಹೆಚ್ಚಬೇಕು, ಬದನೆಕಾಯಿಯನ್ನು ಅಡ್ಡಡ್ಡ ದುಂಡಗೆ ಹೆಚ್ಚಬೇಕು, ಕೋಸಿನ ಗಡ್ಡೆಯನ್ನು ನಾಲ್ಕು ಭಾಗದಲ್ಲೇ ಮುಗಿಸಬೇಕು ಎನ್ನುವವರಿಗೆ 95 ಮಿ.ಮೀ. ಬೇಕು. 120 ಮಿ.ಮೀ. ಖಾನಾವಳಿಗೆ, ಮದುವೆ ಅಡುಗೆಯವರಿಗೆ ಸರಿ.

ಮೂರನೆಯದು ಬ್ಲೇಡಿನ ಆಕಾರ ಮತ್ತು ಅದು ಬಿಚ್ಚಲು ಬರುತ್ತದೋ ಇಲ್ಲವೋ ಎಂಬುದು. ಓರೆಯಾಗಿ ಕೂತ ನೇರ ಬ್ಲೇಡು ಗಟ್ಟಿ ತರಕಾರಿಗೆ ಚೆನ್ನ, ಸಾಣೆ ಹಿಡಿಯಲೂ ಸಲೀಸು. ವಿ ಆಕಾರದ ಬ್ಲೇಡು ತರಕಾರಿಯನ್ನು ಎರಡೂ ಬದಿಯಿಂದ ಕೊಯ್ಯುತ್ತ ಹೋಗುವುದರಿಂದ ಟೊಮ್ಯಾಟೊ, ಹಣ್ಣಾದ ಸವತಿಕಾಯಿ ಜಜ್ಜಿಹೋಗುವುದಿಲ್ಲ. ಆದರೆ ವಿ ಕೂಡುವ ಮೂಲೆಯಲ್ಲಿ ಹಾಗಲಕಾಯಿ ಬೀಜ, ಕೋಸಿನ ದಂಟು ಸಿಕ್ಕಿಕೊಳ್ಳುತ್ತವೆ. ಆ ಮೂಲೆಯನ್ನು ಮನೆಯಲ್ಲಿ ಸಾಣೆ ಹಿಡಿಯಲು ಆಗುವುದೇ ಇಲ್ಲ.

ನಾಲ್ಕನೆಯದು ಗಾರ್ಡ್, ಅಂದರೆ ತರಕಾರಿಯನ್ನು ಚುಚ್ಚಿ ಹಿಡಿದು ತಳ್ಳುವ ಹಿಡಿಕೆ. ಇದರ ಬಗ್ಗೆ ಮುಂದೆ ವಿವರವಾಗಿ ಬರುತ್ತದೆ.

ಐದನೆಯದನ್ನು ಪರದೇಶದ ಯಾವ ವಿಮರ್ಶೆಯಲ್ಲೂ ಹುಡುಕಬೇಡಿ: ಎಷ್ಟು ನೀರಿನಲ್ಲಿ ತೊಳೆಯಬಹುದು? ನಳದಲ್ಲಿ ಐದಾರು ದಿನಕ್ಕೊಮ್ಮೆ ನೀರು ಬರುವ ಓಣಿಗಳಲ್ಲಿ ಏಳೆಂಟು ಬಿಡಿಭಾಗದ ಸ್ಲೈಸರ್ ಮೊದಲ ತಿಂಗಳಲ್ಲೇ ಅಟ್ಟಕ್ಕೆ ಹೋಗುತ್ತದೆ. ಒಂದು ತಂಬಿಗೆ ನೀರು ಸುರಿದು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಇನ್ನೊಂದು ತಂಬಿಗೆಯಲ್ಲಿ ಜಾಲಾಡಿದರೆ ಸ್ವಚ್ಛವಾಗುವಂಥದ್ದೇ ನಿತ್ಯ ಕೈಗೆ ಬರುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ತೊಳೆದ ಕೂಡಲೇ ಒರೆಸಿಡಬೇಕು. ಇಲ್ಲದಿದ್ದರೆ ಸುಣ್ಣದ ಬಿಳಿ ಪೊರೆ ಕೂತು ಸರಿಯುವ ಹಲಗೆ ಬಿಗಿಯಾಗುತ್ತದೆ.

ಸ್ಥಳೀಯ ಚಿಪ್ಸ್ ಕಟರ್

ನೂರೈವತ್ತರಿಂದ ಐನೂರರವರೆಗೆ ಸಿಗುವ ಇವುಗಳಲ್ಲಿ ಎರಡು ಬಗೆ. ದಪ್ಪ ಬದಲಿಸಲು ಬಾರದ, ಒಂದೇ ಬ್ಲೇಡಿನ ಸ್ಟೀಲ್ ಪಟ್ಟಿ ಒಂದು. ನಾಲ್ಕೈದು ತಟ್ಟೆ ಬದಲಿಸುವ ಪ್ಲಾಸ್ಟಿಕ್ ಸೆಟ್ ಇನ್ನೊಂದು. ನೋಡಲು ಸಾದಾ ಕಂಡರೂ ಮೊದಲನೆಯದೇ ಒಳ್ಳೆಯದು. ಸ್ಟೀಲ್ ಪಟ್ಟಿಗೆ ಬಾಗಲು ಜಾಗವಿಲ್ಲ, ದಪ್ಪ ಹೆಚ್ಚುಕಡಿಮೆ ಆಗಲು ತಿರುಪು ಇಲ್ಲ. ನಿಮಗೆ ಬೇಕಾದ ದಪ್ಪವೇ ಅದರಲ್ಲಿ ಬರುತ್ತಿದ್ದರೆ ಬಟಾಟಿ ಚಿಪ್ಸಿಗೆ ಅದು ಪೂರ್ತಿ ಸಾಕು. ತಟ್ಟೆ ಬದಲಿಸುವ ಸೆಟ್ಟಿನಲ್ಲಿ ತಟ್ಟೆ ಕೂರುವ ತೋಡು ಬೇಗ ಸವೆದು, ಹೆಚ್ಚುವಾಗ ತಟ್ಟೆ ಮೇಲೇಳುತ್ತದೆ. ಕೈಗೆ ತಾಗುವುದೂ ಆಗಲೇ. ಬ್ಲೇಡು ತೆಳುವಾದ ತಗಡಿನದ್ದು, ಒಂದೆರಡು ಬೇಸಗೆಗೆ ಮೊಂಡಾಗುತ್ತದೆ. ಸಾಣೆ ಹಿಡಿಸುವ ಖರ್ಚಿಗೆ ಹೊಸದೇ ಬರುತ್ತದೆ.

ಇದರ ಗಾರ್ಡನ್ನು ನಂಬಬೇಡಿ. ಬಹಳಷ್ಟರಲ್ಲಿ ಅದು ಲೆಕ್ಕಕ್ಕೆ ಮಾತ್ರ ಇರುತ್ತದೆ. ಧಾರವಾಡದಲ್ಲಿ ರೂಮು ಮಾಡಿಕೊಂಡು ಓದುವವರಿಗೆ, ವರ್ಷಕ್ಕೊಮ್ಮೆ ಚಿಪ್ಸ್ ಮಾಡುವ ಮನೆಗೆ ಈ ಸ್ಟೀಲ್ ಪಟ್ಟಿ ಮತ್ತು ಕೊಯ್ತ ತಡೆಯುವ ಒಂದು ಜೊತೆ ಕೈಗವಸು ಸಾಕು. ಇದಕ್ಕಿಂತ ಮೇಲಕ್ಕೆ ಹೋಗುವುದು ವ್ಯರ್ಥ ಖರ್ಚು.

ಜಪಾನಿನ ನೇರ ಬ್ಲೇಡು

ಈ ಬಗೆಯಲ್ಲಿ ಬೆನ್ರೈನರ್ ಹೆಸರು ಎಲ್ಲಕ್ಕೂ ಮುಂದೆ ಬರುತ್ತದೆ. ಜಗತ್ತಿನ ಹೋಟೆಲ್ ಅಡುಗೆಮನೆಗಳಲ್ಲಿ ಇದೇ ಹೆಚ್ಚು ಕಾಣುವುದು, ಅದಕ್ಕೆ ಕಾರಣವೂ ಇದೆ. ಮೈ ಪ್ಲಾಸ್ಟಿಕ್ಕಿನದೇ, ಹಗುರ, ಗೋಡೆಗೆ ನೇತುಹಾಕಬಹುದು. ಆದರೆ ಪ್ಲಾಸ್ಟಿಕ್ ಗಟ್ಟಿ, ಬ್ಲೇಡು ಓರೆಯಾಗಿ ಕೂತಿರುತ್ತದೆ, ತುಂಬಾ ಹರಿತ, ತಿರುಪು ಬಿಚ್ಚಿದರೆ ಕಳಚಿ ಬರುತ್ತದೆ, ಬೇರೆಯದೇ ಕೊಳ್ಳಲೂ ಬರುತ್ತದೆ. 64, 95, 120 ಮಿ.ಮೀ. ಮೂರೂ ಅಗಲದಲ್ಲಿ ಇದೆ. ಎಳೆ ಮಾಡಲು ಸಣ್ಣ, ಮಧ್ಯಮ, ದೊಡ್ಡ ಹಲ್ಲಿನ ಮೂರು ಪಟ್ಟಿ ಜೊತೆಗೇ ಬರುತ್ತವೆ. ತೊಳೆಯಲು ಎರಡು ತಂಬಿಗೆ ನೀರು ಸಾಕು.

ಕೊರತೆ ಎರಡು. ದಪ್ಪ ಬದಲಿಸುವ ತಿರುಪು ಅಡಿಯಲ್ಲಿದೆ, ಅದರ ಮೇಲೆ ಮಿ.ಮೀ. ಅಂಕಿ ಇಲ್ಲ. ಪ್ರತಿ ಸಲ ಒಂದು ಬಿಲ್ಲೆ ಹೆಚ್ಚಿ ನೋಡಿ ಸರಿಪಡಿಸಿಕೊಳ್ಳಬೇಕು. ಸ್ಕೇಲು ಹಿಡಿದು ಒಮ್ಮೆ 1.5 ಮತ್ತು 3 ಮಿ.ಮೀ.ಗೆ ತಂದು, ತಿರುಪಿನ ಮೇಲೆ ನೇಲ್‌ಪಾಲಿಶ್‌ನಿಂದ ಚುಕ್ಕೆ ಇಟ್ಟುಕೊಂಡರೆ ಈ ಕಿರಿಕಿರಿ ತೀರುತ್ತದೆ. ಎರಡನೆಯದು ಗಾರ್ಡ್. ಚಿಕ್ಕದು, ದೊಡ್ಡ ಬಟಾಟಿಯ ಮೇಲೆ ನೆಟ್ಟಗೆ ಕೂರುವುದಿಲ್ಲ. ಆದ್ದರಿಂದ ಇದನ್ನು ಕೊಳ್ಳುವವರು ಕೈಗವಸಿನ ಬೆಲೆಯನ್ನೂ ಸೇರಿಸಿಯೇ ಬಜೆಟ್ ಹಾಕಬೇಕು. ಅದೇ ಆಕಾರ, ಅದೇ ಬಣ್ಣದ ನಕಲುಗಳೂ ಪೇಟೆಯಲ್ಲಿವೆ. ಬೆಲೆ ಸಾವಿರದೊಳಗೆ ಇದ್ದರೆ ಅನುಮಾನ ಪಡಿ.

ಸೆರಾಮಿಕ್ ಬ್ಲೇಡಿನ ಕ್ಯೋಸೆರಾ ಕೂಡ ಜಪಾನಿನದೇ. ಅದರ ಹೊಂದಿಸಬಲ್ಲ ಮಾದರಿಯಲ್ಲಿ 0.5, 1.3, 2 ಮತ್ತು 3 ಮಿ.ಮೀ. ಎಂದು ನಾಲ್ಕು ಮೆಟ್ಟಿಲು, ನಡುವಿನ ದಪ್ಪ ಇಲ್ಲ. ತುಕ್ಕು ಹಿಡಿಯುವುದಿಲ್ಲ, ಬಾಳೆಕಾಯಿಯ ಒಗರಿಗೆ ಕಪ್ಪಾಗುವುದಿಲ್ಲ, ಮೊಂಡಾಗಲು ವರ್ಷಗಟ್ಟಲೆ ಬೇಕು. ಆದರೆ ಮೊಂಡಾದ ಮೇಲೆ ನಮ್ಮಲ್ಲಿ ಯಾರೂ ಸಾಣೆ ಹಿಡಿದು ಕೊಡಲಾರರು. ಸ್ಟೀಲ್ ಭಾಂಡೆಗಳ ರಾಶಿಯಲ್ಲಿ ಬಿದ್ದರೆ ಅಂಚು ಚಕ್ಕೆ ಏಳುತ್ತದೆ. ದೊಡ್ಡ ಹೊರೆಯ ಕೆಲಸಕ್ಕೆ ಇದಲ್ಲ. ಸವತಿಕಾಯಿ, ಮೂಲಂಗಿ, ಉಳ್ಳಾಗಡ್ಡಿ ಬಿಲ್ಲೆಯಷ್ಟೇ ಬೇಕಾದ ಇಬ್ಬರ ಸಂಸಾರಕ್ಕೆ ಒಳ್ಳೆಯ ಆಯ್ಕೆ.

ವಿ ಬ್ಲೇಡಿನ ಸ್ಲೈಸರ್

ಜರ್ಮನಿಯ ಬೋರ್ನರ್ ಈ ಬಗೆಗೆ ಹೆಸರುವಾಸಿ. ಆಕ್ಸೊ ಮುಂತಾದವರೂ ಮಾಡುತ್ತಾರೆ. ಬೋರ್ನರ್‌ನಲ್ಲಿ ತಿರುಪು ಇಲ್ಲ, ಬೇರೆ ಬೇರೆ ಒಳಪಟ್ಟಿ ಸಿಕ್ಕಿಸಿ ದಪ್ಪ ಬದಲಿಸಬೇಕು. ಎಳೆಗೆ 3.5 ಮತ್ತು 7 ಮಿ.ಮೀ. ಪಟ್ಟಿಗಳು. ನಿಮಗೆ ಬೇಕಾದ್ದು ಸರಿಯಾಗಿ 1.5 ಆಗಿದ್ದರೆ ಇದು ಹೊಂದಲಿಕ್ಕಿಲ್ಲ. ಬದಲಿಗೆ ಗಾರ್ಡ್ ಬಹಳ ಚೆನ್ನಾಗಿದೆ. ಅಗಲವಾದ ಟೋಪಿಯಂತೆ ತರಕಾರಿಯನ್ನು ಮುಚ್ಚಿ ಹಿಡಿಯುತ್ತದೆ, ಕೈ ಬ್ಲೇಡಿಗೆ ಹತ್ತಿರ ಹೋಗುವುದೇ ಇಲ್ಲ. ಮನೆಯಲ್ಲಿ ಬೇರೆ ಬೇರೆಯವರು ಹೆಚ್ಚುತ್ತಾರೆ, ಮಕ್ಕಳೂ ಕೈ ಹಾಕುತ್ತಾರೆ, ಅಜ್ಜಿಯ ಕಣ್ಣು ಮಂಜು ಎನ್ನುವಲ್ಲಿ ಹರಿತಕ್ಕಿಂತ ಈ ಗಾರ್ಡಿಗೇ ದುಡ್ಡು ಕೊಡಿ.

ಕೋಸು ಹೆಚ್ಚುವುದರಲ್ಲಿ ಇದು ಸೊಗಸು. ಗಟ್ಟಿ ಗೆಣಸು, ಸುವರ್ಣಗಡ್ಡೆಗೆ ಅಷ್ಟಕ್ಕಷ್ಟೆ. ವಿ ಬ್ಲೇಡು ಎರಡೂ ಕಡೆಯಿಂದ ಒಮ್ಮೆಲೇ ಕೊಯ್ಯುವುದರಿಂದ ಗಟ್ಟಿ ಗಡ್ಡೆ ನಡುವೆ ಕಚ್ಚಿಕೊಂಡು ನಿಲ್ಲುತ್ತದೆ. ಆಗ ಇನ್ನೂ ಬಲವಾಗಿ ತಳ್ಳಬೇಕು ಅನ್ನಿಸುತ್ತದೆ. ತಳ್ಳಬೇಡಿ, ಹಿಂದಕ್ಕೆ ಎಳೆದು ಗಡ್ಡೆಯನ್ನು ಉದ್ದಕ್ಕೆ ಎರಡು ಮಾಡಿ. ಬ್ಲೇಡು ಮೊಂಡಾದರೆ ಹೊಸ ಚೌಕಟ್ಟೇ ಕೊಳ್ಳಬೇಕು.

ಫ್ರಾನ್ಸಿನ ಸ್ಟೀಲ್ ಮ್ಯಾಂಡೊಲಿನ್

1830ರಲ್ಲಿ ಶುರುವಾದ ಡಿ ಬ್ಯೂಯೆ, ಮತ್ತು ಬ್ರೋನ್-ಕುಕ್, ಇವೆರಡೇ ಇಲ್ಲಿ ನೆನಪಿಡಬೇಕಾದ ಹೆಸರು. ಸ್ಟೀಲ್ ಚೌಕಟ್ಟು, ಮಡಚುವ ಕಾಲು, ಅಡುಗೆ ಕಟ್ಟೆಯ ಮೇಲೆ ಓರೆಯಾಗಿ ತಾನೇ ನಿಲ್ಲುತ್ತದೆ. ದಪ್ಪ 10 ಮಿ.ಮೀ. ಆಸುಪಾಸಿನವರೆಗೂ ಹೋಗುತ್ತದೆ. ಅಲೆ ಬ್ಲೇಡಿನಲ್ಲಿ ಒಮ್ಮೆ ಹೆಚ್ಚಿ, ತರಕಾರಿಯನ್ನು ಕಾಲು ಸುತ್ತು ತಿರುಗಿಸಿ ಮತ್ತೊಮ್ಮೆ ಹೆಚ್ಚಿದರೆ ಜಾಳಿಗೆ ಚಿಪ್ಸ್ ಬರುತ್ತದೆ. ಡಿ ಬ್ಯೂಯೆಯ ದೊಡ್ಡ ಮಾದರಿಗಳಲ್ಲಿ ತಳ್ಳುವ ಹಿಡಿಕೆ ಚೌಕಟ್ಟಿನ ಹಳಿಯ ಮೇಲೇ ಓಡುವುದರಿಂದ ಕೈ ಜಾರಿ ಬ್ಲೇಡಿಗೆ ಬೀಳುವ ಭಯ ಬಹುಮಟ್ಟಿಗೆ ತಪ್ಪುತ್ತದೆ.

ಇಷ್ಟೆಲ್ಲ ಇದ್ದರೂ ಮನೆ ಅಡುಗೆಗೆ ಇದನ್ನು ಕಣ್ಣುಮುಚ್ಚಿ ತಗೊಳ್ಳಿ ಎಂದು ಹೇಳಲಾಗದು. ತೂಕ ಹೆಚ್ಚು. ಕಟ್ಟೆಯ ಮೇಲೆ ಕಾಲು ಚಾಚಿ ನಿಲ್ಲಲು ಒಂದೂವರೆ ಅಡಿ ಜಾಗ ಬೇಕು. ಪಟ್ಟಿ, ಹಳಿ, ಹಿಡಿಕೆ, ಹಲ್ಲು ಎಲ್ಲ ಬಿಚ್ಚಿ ತೊಳೆಯಬೇಕು. ಎರಡು ಸವತಿಕಾಯಿ ಹೆಚ್ಚಲು ಅದನ್ನು ಹೊರತೆಗೆಯಲು ಯಾರಿಗೂ ಮನಸ್ಸಾಗುವುದಿಲ್ಲ. ಬಿಡಿ ಬ್ಲೇಡು ಹುಬ್ಬಳ್ಳಿಯ ಅಂಗಡಿಯಲ್ಲಿ ಸಿಗುವುದಿಲ್ಲ, ತರಿಸಬೇಕು, ಅದರ ಬೆಲೆಗೇ ಒಂದು ಸಾದಾ ಸ್ಲೈಸರ್ ಬಂದುಬಿಡಬಹುದು. ಇದರ ಬೆಲೆ ತೀರುವುದು ಎರಡು ಕಡೆ: ದಿನಾ ಹತ್ತಾರು ಕೆ.ಜಿ. ಹೆಚ್ಚುವಲ್ಲಿ, ಮತ್ತು ಹೆಚ್ಚುವ ಆಳು ಆಗಾಗ ಬದಲಾಗುವಲ್ಲಿ. ಹೊಸಬರ ಬೆರಳನ್ನು ಆ ಹಳಿ ಕಾಯುತ್ತದೆ.

ಫುಡ್ ಪ್ರೊಸೆಸರ್ ಇದ್ದವರು

ಮಿಕ್ಸರಿನ ಜೊತೆ ಬಂದ ಸ್ಲೈಸಿಂಗ್ ತಟ್ಟೆ ಮನೆಯಲ್ಲೇ ಇದ್ದರೆ ಮೊದಲು ಅದನ್ನು ಪರೀಕ್ಷಿಸಿ. ಎರಡು ಕೆ.ಜಿ. ಉಳ್ಳಾಗಡ್ಡಿಯನ್ನು ಭಜಿಗೆ ಹೆಚ್ಚುವುದಾದರೆ ಅದರಷ್ಟು ವೇಗ ಬೇರೆ ಯಾವುದಕ್ಕೂ ಇಲ್ಲ. ಕಣ್ಣೀರೂ ಕಡಿಮೆ. ಆದರೆ ದಪ್ಪ ಸಾಮಾನ್ಯವಾಗಿ 2 ಮಿ.ಮೀ.ಗಿಂತ ಕೆಳಗೆ ಇಳಿಯದು, ಕೊಳವೆಯಲ್ಲಿ ತರಕಾರಿ ವಾಲಿ ಬಿಲ್ಲೆ ಓರೆಯಾಗುತ್ತದೆ. ಚಿಪ್ಸಿಗೆ ಬೇಡ, ಭಜಿಗೆ ಮತ್ತು ಕೋಸಿನ ಪಲ್ಯಕ್ಕೆ ಧಾರಾಳ ಸಾಕು.

ಈಳಿಗೆ ಅಭ್ಯಾಸದ ಕೈಗೆ ಎಚ್ಚರಿಕೆ

ಈಳಿಗೆಯಲ್ಲೂ ಬ್ಲೇಡು ನಿಂತಿರುತ್ತದೆ, ತರಕಾರಿಯೇ ಹೋಗಿ ಅದಕ್ಕೆ ತಾಗುತ್ತದೆ. ಹಾಗಾಗಿ ಮ್ಯಾಂಡೊಲಿನ್ ಹಿಡಿದಾಗ ನಮ್ಮವರಿಗೆ ಇದು ಹೊಸದು ಅನ್ನಿಸುವುದಿಲ್ಲ. ಅಪಾಯ ಇರುವುದೂ ಅಲ್ಲಿಯೇ. ಈಳಿಗೆಯಲ್ಲಿ ಎರಡೂ ಕೈ ತರಕಾರಿಯ ಎರಡು ಬದಿಯಲ್ಲಿರುತ್ತವೆ, ಬ್ಲೇಡು ಕಣ್ಣೆದುರಿಗೆ ಇರುತ್ತದೆ, ವೇಗ ನಿಮ್ಮ ಕೈಯಲ್ಲಿರುತ್ತದೆ. ಮ್ಯಾಂಡೊಲಿನ್‌ನಲ್ಲಿ ಕೈ ತರಕಾರಿಯ ಮೇಲಿರುತ್ತದೆ, ಬ್ಲೇಡು ಕೆಳಗೆ ಅಡಗಿರುತ್ತದೆ, ತರಕಾರಿ ಸವೆದಷ್ಟೂ ಬೆರಳು ತಾನಾಗಿಯೇ ಬ್ಲೇಡಿನ ಹತ್ತಿರಕ್ಕೆ ಇಳಿಯುತ್ತದೆ. ಮೊದಲ ಇಪ್ಪತ್ತು ಬಿಲ್ಲೆ ಸರಾಗವಾಗಿ ಬಂದ ಮೇಲೆ ಕೈ ವೇಗ ಹಿಡಿಯುತ್ತದೆ. ಪೆಟ್ಟು ಬೀಳುವುದು ಕೊನೆಯ ತುಂಡಿನಲ್ಲಿ, ಅದೂ ಬೆರಳ ತುದಿ ಅಥವಾ ಹೆಬ್ಬೆರಳಿಗೆ.

ಆದ್ದರಿಂದ ಯಾವುದೇ ಬೆಲೆಯದ್ದನ್ನು ತಂದರೂ ಹೀಗೆ ಮಾಡಿ. ಸ್ಲೈಸರಿನ ಕಾಲಡಿ ಹಸಿ ಬಟ್ಟೆ ಹಾಸಿ. ದುಂಡಗಿನ ಬಟಾಟಿಯ ಒಂದು ಮಗ್ಗುಲನ್ನು ಚಾಕುವಿನಿಂದ ಚಪ್ಪಟೆ ಮಾಡಿ, ಆ ಮುಖವನ್ನೇ ಹಲಗೆ ಮೇಲಿಡಿ. ಉಳ್ಳಾಗಡ್ಡಿಯ ಬೇರಿನ ಬುಡ ತೆಗೆಯಬೇಡಿ, ಅದೇ ನಿಮ್ಮ ಹಿಡಿಕೆ. ಬೆರಳುಗಳನ್ನು ಮೇಲಕ್ಕೆತ್ತಿ, ಅಂಗೈ ತಳದಿಂದ ತಳ್ಳಿ. ಹಲಗೆಗೆ ಬಟಾಟಿ ಪಿಷ್ಟ ಅಂಟಿ ಎಳೆಯುತ್ತಿದ್ದರೆ ನೀರಿನ ಕೈಯಿಂದ ಒಮ್ಮೆ ಸವರಿ. ತರಕಾರಿ ಮೂರು ಸೆಂ.ಮೀ.ಗೆ ಇಳಿದಾಗ ಗಾರ್ಡ್ ಹಾಕಿ, ಒಂದೂವರೆಗೆ ಇಳಿದಾಗ ನಿಲ್ಲಿಸಿ. ಉಳಿದ ಬುಡಗಳನ್ನು ಸಾರಿಗೆ ಹಾಕಿದರೆ ಏನೂ ನಷ್ಟವಿಲ್ಲ. ಬಾಳೆಕಾಯಿಯನ್ನು ನೇರವಾಗಿ ಕಾದ ಎಣ್ಣೆಯ ಮೇಲೇ ಹೆರೆಯುವ ರೂಢಿ ಹಲವರಿಗಿದೆ. ಪ್ಲಾಸ್ಟಿಕ್ ಸ್ಲೈಸರಿನಲ್ಲಿ ಅದನ್ನು ಮಾಡಲೇಬಾರದು. ಬಾಣಲೆಯ ಉಗಿಗೆ ಹಲಗೆ ಸೊಟ್ಟಗಾಗುತ್ತದೆ, ಜಾರಿದರೆ ಬೆರಳಷ್ಟೇ ಅಲ್ಲ, ಕೈಯೇ ಸುಡುತ್ತದೆ.

ಕೈಗವಸು ಕೊಳ್ಳುವಾಗ ಇಎನ್ 388 (ಸುರಕ್ಷಾ ಕೈಗವಸಿನ ಯುರೋಪಿನ ಮಾನದಂಡ) ಗುರುತು ನೋಡಿ. 2016ರ ನಂತರದ ಗುರುತಿನಲ್ಲಿ ಅಂಕಿಗಳ ಜೊತೆ ಎ ಯಿಂದ ಎಫ್ ವರೆಗೆ ಒಂದು ಅಕ್ಷರವೂ ಇರುತ್ತದೆ. ಸಿ ಅಥವಾ ಅದಕ್ಕಿಂತ ಮೇಲಿನದು (ಡಿ, ಇ, ಎಫ್) ತಗೊಳ್ಳಿ. ಕೈಗೆ ಬಿಗಿಯಾಗಿ ಕೂರಬೇಕು. ಸಡಿಲ ಗವಸಿನ ತುದಿ ಬ್ಲೇಡಿಗೆ ಸಿಕ್ಕಿ ಕೈಯನ್ನೇ ಒಳಕ್ಕೆ ಎಳೆಯುತ್ತದೆ. ಗವಸು ಕೊಯ್ತವನ್ನು ತಡೆಯುತ್ತದೆ, ಚುಚ್ಚುವುದನ್ನು ತಡೆಯುವುದಿಲ್ಲ. ಹಾಗಾಗಿ ಹಲ್ಲಿನ ಪಟ್ಟಿ ಬದಲಿಸುವಾಗ ಅದರ ಮೇಲೆ ಭರವಸೆ ಬೇಡ.

ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. ಭಾಂಡೆ ತಿಕ್ಕಲು ಬರುವವರ ಕೈ. ಬಾನಿಯ ಸೋಪಿನ ನೀರಿನಲ್ಲಿ ಮುಳುಗಿದ ಸ್ಲೈಸರ್ ಅವರಿಗೆ ಕಾಣುವುದಿಲ್ಲ. ಹೆಚ್ಚಿದವರೇ ಕೂಡಲೇ ತೊಳೆದು, ದಪ್ಪವನ್ನು ಸೊನ್ನೆಗೆ ತಂದು ಅಥವಾ ಲಾಕ್ ಮಾಡಿ ಎತ್ತಿಡಬೇಕು. ಹಲ್ಲುಗಳ ನಡುವೆ ಸಿಕ್ಕ ಎಳೆಯನ್ನು ಬೆರಳಿನಿಂದ ತೆಗೆಯದೆ ಹಿಂಬದಿಯಿಂದ ಬ್ರಷ್ ಹಾಕಿ. ಅಷ್ಟಾದರೂ ಕೊಯ್ದುಕೊಂಡರೆ ಸ್ವಚ್ಛ ನೀರಿನಲ್ಲಿ ತೊಳೆದು, ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದು ಕೈ ಮೇಲೆತ್ತಿ. ಚರ್ಮದ ಚಕ್ಕೆ ಹಾರಿದ್ದರೆ, ರಕ್ತ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ, ಅರಿಶಿನ ಪುಡಿ ತುಂಬಬೇಡಿ. ಟಿಟಿ ಇಂಜೆಕ್ಷನ್ ಹಿಂದೆ ಯಾವಾಗ ಆಗಿತ್ತು ಎಂಬುದನ್ನೂ ಅವರಿಗೆ ಹೇಳಿ.

ಮೊಂಡಾದ ಬ್ಲೇಡು

ಟೊಮ್ಯಾಟೊ ಸಿಪ್ಪೆ ಕೊಯ್ಯದೆ ಒಳಕ್ಕೆ ಒತ್ತಿದರೆ, ಕೋಸಿನ ಅಂಚು ಹರಿದಂತೆ ಬಂದರೆ, ಉಳ್ಳಾಗಡ್ಡಿ ಹೆಚ್ಚುವಾಗ ಎಂದಿಗಿಂತ ಹೆಚ್ಚು ಕಣ್ಣು ಉರಿದರೆ ಬ್ಲೇಡು ಮೊಂಡಾಗಿದೆ ಎಂದು ತಿಳಿಯಿರಿ. ಮೊಂಡು ಬ್ಲೇಡೇ ಹೆಚ್ಚು ಅಪಾಯ, ಬಲ ಹಾಕಿ ತಳ್ಳುವಾಗಲೇ ಕೈ ಜಾರುವುದು. ಓಣಿಗೆ ಬರುವ ಸಾಣೆಯವರಿಗೆ ಚಾಕು ಕೊಡಿ, ಈಳಿಗೆ ಕೊಡಿ, ಮ್ಯಾಂಡೊಲಿನ್ ಬ್ಲೇಡು ಕೊಡಬೇಡಿ. ತಿರುಗುವ ಚಕ್ರದ ಬಿಸಿಗೆ ಆ ತೆಳುವಾದ ಉಕ್ಕಿನ ಹದ ಹೋಗುತ್ತದೆ, ಅಂಚು ಅಲೆಅಲೆಯಾಗಿ ಕೂರುತ್ತದೆ. ಬಿಚ್ಚುವ ನೇರ ಬ್ಲೇಡಾದರೆ 1000 ಗ್ರಿಟ್‌ನ ನೀರಿನ ಸಾಣೆಕಲ್ಲಿನ ಮೇಲೆ, ಇಳಿಜಾರು ಇರುವ ಮುಖವನ್ನು ಕಲ್ಲಿಗೆ ಸರಿಯಾಗಿ ಕೂರಿಸಿ, ಎಂಟು-ಹತ್ತು ಸಲ ಹಗುರವಾಗಿ ತೀಡಿ. ಆಮೇಲೆ ತಿರುಗಿಸಿ, ಚಪ್ಪಟೆ ಮುಖವನ್ನು ಒಂದೆರಡು ಸಲ ಸವರಿ ಎದ್ದಿರುವ ಅಂಚು ತೆಗೆಯಿರಿ. ಬ್ಲೇಡು ವಾಪಸ್ ಕೂರಿಸುವಾಗ ಇಳಿಜಾರಿನ ಮುಖ ಮೊದಲು ಇದ್ದ ಕಡೆಗೇ ಬರಬೇಕು. ಬಿಚ್ಚುವ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು

ವಾರಕ್ಕೆ ಒಂದೆರಡು ಸಲ ಸವತಿಕಾಯಿ-ಉಳ್ಳಾಗಡ್ಡಿ ಹೆಚ್ಚುವ ಇಬ್ಬರು-ಮೂವರ ಮನೆಗೆ ಸ್ಲೈಸರೇ ಬೇಡ. ಆ ದುಡ್ಡಿಗೆ ಒಳ್ಳೆಯ ಚಾಕು ತಗೊಳ್ಳಿ. ಬೇಕೇ ಬೇಕು ಎಂದರೆ ಕ್ಯೋಸೆರಾ.

ನಾಲ್ಕೈದು ಜನರ ಮನೆ, ಹಬ್ಬಕ್ಕೆ ಭಜಿ, ವಾರಕ್ಕೊಮ್ಮೆ ಕೋಸು, ಬೇಸಗೆಯಲ್ಲಿ ಐದಾರು ಕೆ.ಜಿ. ಚಿಪ್ಸ್ ಎಂದಾದರೆ 95 ಮಿ.ಮೀ. ಅಗಲದ ಜಪಾನಿನದು, ಜೊತೆಗೆ ಕೈಗವಸು ಮತ್ತು ಒಂದು ಬಿಡಿ ಬ್ಲೇಡು. ಈ ಲೇಖನ ಓದುವ ಬಹುಪಾಲು ಮನೆಗೆ ಇದೇ ಸರಿಯಾದ ಆಯ್ಕೆ. 64ರದ್ದಕ್ಕೆ ಬೆಲೆ ಕಡಿಮೆ ಎಂದು ಅದಕ್ಕೆ ಸೋಲಬೇಡಿ, ಕೋಸಿನ ದಿನ ಅದರ ಅಗಲ ಸಾಲದು. ಹೆಚ್ಚುವವರು ಒಬ್ಬರಲ್ಲ, ಹಲವರು ಎಂದಿದ್ದರೆ ಬೋರ್ನರ್ ಮಾದರಿಗೆ ಹೋಗಿ, ದಪ್ಪದ ಆಯ್ಕೆ ಕಡಿಮೆಯಾದರೂ ಪರವಾಗಿಲ್ಲ.

ಚಿಪ್ಸ್ ಮಾಡಿ ಮಾರುವವರಿಗೆ ಲೆಕ್ಕ ಬೇರೆ. ಅವರಿಗೆ ಒಂದೇ ದಪ್ಪ, ಒಂದೇ ಕೆಲಸ, ದಿನವಿಡೀ. ಹಲವು ಬಗೆಯ ಬ್ಲೇಡಿಗೆ ದುಡ್ಡು ಹಾಕುವ ಬದಲು 120 ಮಿ.ಮೀ. ಜಪಾನಿನ ಸ್ಲೈಸರ್ ಎರಡು ಇಟ್ಟುಕೊಂಡು, ಒಂದನ್ನು 1.5ಕ್ಕೆ ಹೊಂದಿಸಿ ಹಾಗೇ ಬಿಡುವುದು ಲಾಭ. ದಿನಕ್ಕೆ ಐವತ್ತು ಕೆ.ಜಿ. ದಾಟಿದರೆ ಕೈ ಸ್ಲೈಸರ್ ಮಾತೇ ಬೇಡ, ಮೋಟಾರಿನ ಯಂತ್ರ ನೋಡಿ. ರೊಟ್ಟಿ ಖಾನಾವಳಿಯಲ್ಲಿ ದಿನಾ ತಾಟಿಗೆ ಬಿಲ್ಲೆ ಬೇಕು, ಹೆಚ್ಚುವ ಹುಡುಗರು ಬದಲಾಗುತ್ತಿರುತ್ತಾರೆ. ಅಲ್ಲಿ ಹಳಿಯ ಮೇಲೆ ಓಡುವ ಹಿಡಿಕೆಯ ಫ್ರಾನ್ಸಿನ ಮ್ಯಾಂಡೊಲಿನ್ ಬೆಲೆ ಒಂದೆರಡು ವರ್ಷದಲ್ಲಿ ಸದ್ದಿಲ್ಲದೆ ತೀರುತ್ತದೆ.

ಯಾವುದನ್ನೇ ತರಿಸಿದರೂ ವಾಪಸ್ ಕಳಿಸುವ ಗಡುವಿನೊಳಗೆ ಒಂದು ಪರೀಕ್ಷೆ ಮಾಡಿ. ದಪ್ಪವನ್ನು ಸುಮಾರು 1.5 ಮಿ.ಮೀ.ಗೆ ಹೊಂದಿಸಿ, ಗಟ್ಟಿ ಬಟಾಟಿಯ ಹತ್ತು ಬಿಲ್ಲೆ ತೆಗೆಯಿರಿ. ಬಂದ ದಿಕ್ಕು ಬದಲಿಸದೆ ಒಂದರ ಮೇಲೊಂದು ಪೇರಿಸಿ, ಎಡಗಡೆ ಮತ್ತು ಬಲಗಡೆ ಸ್ಕೇಲಿನಿಂದ ಅಳೆಯಿರಿ. ಎರಡೂ ಕಡೆ 15 ಮಿ.ಮೀ. ಸುತ್ತಮುತ್ತ ಬರಬೇಕು. ಎರಡರ ನಡುವೆ 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಕೈ ಒತ್ತಡ ಸಮ ಮಾಡಿ ಇನ್ನೊಮ್ಮೆ ನೋಡಿ. ಆಗಲೂ ಹಾಗೇ ಬಂದರೆ ಹಲಗೆ ಸೊಟ್ಟ. ಅದನ್ನು ತಿರುಪಿನಿಂದ ಸರಿಮಾಡಲು ಬರುವುದಿಲ್ಲ, ಡಬ್ಬಿ ಸಮೇತ ವಾಪಸ್ ಕಳಿಸಿಬಿಡಿ.